ಹೆಸರಿನ ಬೆಲೆ

ಅಂಗಡಿಯಲ್ಲಿ ಒಂದು ಪದಾರ್ಥವನ್ನು ಕೊಳ್ಳುವಾಗ ನಾವು ತೆರುವ ಹಣದಲ್ಲಿ ಎಷ್ಟು ಭಾಗ ಪದಾರ್ಥಕ್ಕೆ ಸಲ್ಲುತ್ತದೆ, ಎಷ್ಟು ಭಾಗ ಅದರ ಮೇಲೆ ಬರೆದ ಹೆಸರಿಗೆ ಸಲ್ಲುತ್ತದೆ? ಹೆಸರಿಗೆಂದು ಹೆಚ್ಚಾಗಿ ತೆರುವುದು ಬರಿಯ ಅವಿವೇಕವೆ, ಅಥವಾ ಅದರಲ್ಲಿಯೂ ಒಂದು ಬಗೆಯ ವಿವೇಕವುಂಟೆ? ಸಾಹಿತ್ಯಪತ್ರಿಕೆಯಲ್ಲಿ ಚರ್ಚಿಸುವುದಕ್ಕೆ ಇದು ತೀರ ಸಂತೆಯ ವಿಷಯವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಎರಡು ವರ್ಷದ ಹಿಂದೆ ನನಗೂ ಹಾಗೆಯೇ ತೋರುತ್ತಿದ್ದಿತು. ಧರ್ಮಸೂಕ್ಷ್ಮವೆಂಬುದು ಅರಸರ ಸಭೆಯಲ್ಲಿಯೂ ರಣರಂಗದಲ್ಲಿಯೂ ಎದುರಾಗುವಂಥದೆಂದೂ, ಬೆಂಗಳೂರಿನ ಆರ್. ಟಿ. ನಗರದ ಮುಖ್ಯರಸ್ತೆಯಲ್ಲಿರುವ ಟೆಲಿವಿಷನ್ ಅಂಗಡಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದೂ ನಾನು ತಿಳಿದಿದ್ದೆನು. ಆ ತಿಳಿವಳಿಕೆ ಹೇಗೆ ಸಡಿಲವಾಯಿತೆಂಬುದನ್ನು ಇದ್ದುದು ಇದ್ದಂತೆ ಇಲ್ಲಿ ಬರೆಯುತ್ತೇನೆ. ತಪ್ಪು ನನ್ನದಾದುದರಿಂದ ಅಲಂಕಾರಕ್ಕೆ ಅವಕಾಶ ಕಡಮೆ.

ನಮ್ಮ ಬೀದಿಯ ಕೊನೆಯಲ್ಲಿ, ಮಠದಹಳ್ಳಿಯ ಕಡೆಗೆ ತಿರುಗುವಲ್ಲಿ, ಒಂದು ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿದು ಜೀವಿಸುವ ಹೆಂಗಸೊಬ್ಬಳು ಇರುತ್ತಾಳೆ. ಮನೆಯಲ್ಲಿ ಆಕೆಯೂ ಆಕೆಯ ತಾಯಿಯೂ ಇಬ್ಬರೇ. ತಾಯಿಗೆ ಎಂಬತ್ತು ದಾಟಿದೆ, ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದ ಮೇಲೆ ಹಾಸಿಗೆಯೇ ಗತಿಯಾಗಿದೆ, ಕಣ್ಣೂ ಮಂಜು. ಮಗಳು ಹೊಲಿಗೆಯ ಯಂತ್ರದ ಮುಂದೆ ಕುಳಿತರೆ ಮಾತನಾಡುವುದಕ್ಕೆ ಬಿಡುವಿಲ್ಲ. ತಾಯಿಗೆ ಗೋಡೆಯನ್ನು ನೋಡುವುದಲ್ಲದೆ ಬೇರೆ ಕೆಲಸವಿಲ್ಲ. 2023ರ ದೀಪಾವಳಿಯ ಹೊತ್ತಿಗೆ ಆಕೆ ಕಟ್ಟುತ್ತಿದ್ದ ಚೀಟಿಯ ಹಣ ಬಂದಿತು. ಅದರಲ್ಲಿ ಹದಿನಾರು ಸಾವಿರ ರೂಪಾಯಿಗಳನ್ನು ತಾಯಿಗೆ ಒಂದು ಟೀವಿ ತರುವುದಕ್ಕೆಂದು ಎತ್ತಿಟ್ಟು, "ನೀವು ಓದಿದವರು, ಮೇಷ್ಟ್ರೆ, ಅಂಗಡಿಯವರು ಮೋಸಮಾಡದಂತೆ ಜೊತೆಗೆ ಬನ್ನಿ" ಎಂದು ನನ್ನನ್ನು ಕರೆದಳು. ನಾನು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು. ಯಾರಾದರೂ ಸಲಹೆ ಕೇಳಿದರೆ ನನಗೆ ಇಂದಿಗೂ ಹಿಗ್ಗು.

ಅಂಗಡಿಯ ಗೋಡೆಯ ತುಂಬ ಟೀವಿಗಳನ್ನು ತೂಗುಹಾಕಿದ್ದರು. ಎಲ್ಲದರಲ್ಲಿಯೂ ಒಂದೇ ನವಿಲು ಗರಿಬಿಚ್ಚುತ್ತಿದ್ದಿತು. ಒಂದೇ ಜಲಪಾತ ಸುರಿಯುತ್ತಿದ್ದಿತು. ಈ ಲೋಕದ ಯಾವ ತೋಟದಲ್ಲಿಯೂ ಬಿಡದಷ್ಟು ಕೆಂಪಾದ ಹಣ್ಣುಗಳು ಉರುಳುತ್ತಿದ್ದವು. ನಮ್ಮ ಹಿರಿಯರು ಸಂತೆಯಲ್ಲಿ ಮಡಕೆಯನ್ನು ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ನಾದ ಸರಿಯಾಗಿದ್ದರೆ ಮಡಕೆ ಗಟ್ಟಿ. ಬಿರುಕಿದ್ದರೆ ಬಡಿದ ಕೂಡಲೆ ಗೊತ್ತಾಗುತ್ತಿದ್ದಿತು. ಕುಂಬಾರನ ಹೆಸರು ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಈ ಗೋಡೆಯ ಮೇಲಿದ್ದುವನ್ನು ಬಡಿದು ನೋಡುವುದಾದರೂ ಹೇಗೆ? ಯಾವುದು ಹತ್ತು ವರ್ಷ ಬಾಳುವುದು, ಯಾವುದು ಹತ್ತು ತಿಂಗಳಿಗೆ ಕಣ್ಣು ಮುಚ್ಚುವುದು ಎಂಬುದನ್ನು ನವಿಲು ಹೇಳುವುದಿಲ್ಲ. ಹಾಗಾದ ಮೇಲೆ ಕೊಳ್ಳುವವನಿಗೆ ಉಳಿಯುವುದು ಎರಡೇ ಗುರುತು, ಒಂದು ಬೆಲೆ, ಇನ್ನೊಂದು ಹೆಸರು.

ಆಕೆ ನಿಂತುದು ಎಲ್ಲರೂ ಬಲ್ಲ ಹೆಸರಿನ ಒಂದು ಟೀವಿಯ ಮುಂದೆ. 32 ಅಂಗುಲದ ಪರದೆ. ಹದಿನೈದೂವರೆ ಸಾವಿರ ರೂಪಾಯಿ. "ನಾನು ರವಿಕೆ ಹೊಲಿದುಕೊಡುವ ಗಂಗಾನಗರದ ಮನೆಯಲ್ಲಿ ಇದೇ ಇರುವುದು" ಎಂದಳು. ನಾನು ಮನಸ್ಸಿನಲ್ಲಿಯೇ ನಕ್ಕೆನು. ಅದರ ಪಕ್ಕದಲ್ಲಿ ನಾನು ಅದುವರೆಗೆ ಕೇಳಿಲ್ಲದ ಹೆಸರಿನ ಇನ್ನೊಂದು ಇದ್ದಿತು; ಅದು 43 ಅಂಗುಲ; ಬೆಲೆ ಹದಿನಾರು ಸಾವಿರದೊಳಗೆ. ಆ ಕಾಲದಲ್ಲಿ 32 ಅಂಗುಲಕ್ಕೆ ಮೀರಿದ ಟೀವಿಗಳಿಗೆ ನೂರಕ್ಕೆ 28ರಂತೆ ತೆರಿಗೆ, ಚಿಕ್ಕವಕ್ಕೆ ನೂರಕ್ಕೆ 18. ಅಷ್ಟು ತೆರಿಗೆ ಹೊತ್ತೂ ದೊಡ್ಡದು ಚಿಕ್ಕದರ ಬೆಲೆಗೇ ಸಿಕ್ಕುತ್ತಿದೆಯೆಂದರೆ, ಚಿಕ್ಕದರ ಬೆಲೆಯಲ್ಲಿ ಅರ್ಧಕ್ಕರ್ಧ ಬರಿಯ ಹೆಸರಿಗೇ ಹೋಗುತ್ತಿರಬೇಕೆಂದು ನಾನು ಲೆಕ್ಕಹಾಕಿದೆನು. ತಾಯಿಯ ಕಣ್ಣು ಮಂಜು. ದೊಡ್ಡ ಪರದೆಯೇ ಮೇಲು. ಲೆಕ್ಕವೂ ಕರುಣೆಯೂ ಒಂದೇ ಕಡೆಗೆ ವಾಲಿದಾಗ ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಬರುವ ವಿಶ್ವಾಸ ಅಸಾಧಾರಣವಾದುದು.

ನನ್ನ ಈ ಸಿದ್ಧಾಂತ ಅಂಗಡಿಯಲ್ಲಿ ಹುಟ್ಟಿದುದಲ್ಲ. ಅದಕ್ಕೆ ಮೂವತ್ತಾರು ವರ್ಷದ ಇತಿಹಾಸವುಂಟು.

ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಮೊದಲಾದುದು 1981ರಲ್ಲಿ. ಅದಕ್ಕೆ ಮುಂಚೆ, 1975-76ರಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಒದಗಿಸುವ ಪ್ರಯೋಗ ನಡೆದಾಗ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಗ್ರಾಮಗಳಲ್ಲಿ ಊರಿಗೊಂದರಂತೆ ಯಂತ್ರಗಳನ್ನು ಇಟ್ಟಿದ್ದರಷ್ಟೆ. ಊರಿಗೆ ಊರೇ ಒಂದರ ಮುಂದೆ ಕುಳಿತಾಗ ಯಾವುದನ್ನು ಆರಿಸಬೇಕೆಂಬ ಚಿಂತೆ ಯಾರಿಗೂ ಇರಲಿಲ್ಲ. ಬೆಂಗಳೂರಿನಲ್ಲಿ ನಮಗೆ ಆ ಚಿಂತೆ 1987ರ ಜನವರಿಯಲ್ಲಿ, ಭಾನುವಾರದ ಬೆಳಿಗ್ಗೆ ರಾಮಾಯಣದ ಧಾರಾವಾಹಿ ಮೊದಲಾದಾಗ, ಮನೆಯೊಳಕ್ಕೆ ಬಂದಿತು. ಎದುರುಮನೆಯ ಕಿಟಕಿಯಲ್ಲಿ ನನ್ನ ಮಕ್ಕಳು ತಲೆಯಿಟ್ಟು ನಿಂತುದನ್ನು ಎರಡು ವಾರ ನೋಡಿದೆನು; ಮೂರನೆಯ ವಾರ ಅಂಗಡಿಗಳ ಮುಂದೆ ನಾನೇ ನಿಂತೆನು.

ಆಗ ಇದ್ದ ಹೆಸರುಗಳೇನು ಕಡಮೆಯೆ! ಪಾಲಕ್ಕಾಡಿನಲ್ಲಿ 1963ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಯೂರಿದ ಬಿ.ಪಿ.ಎಲ್.; ಮದರಾಸಿನ ಡಯನೋರಾ, ಸಾಲಿಡೇರ್; ಹೈದರಾಬಾದಿನ ಇ.ಸಿ.; ಕೇರಳದ ಕೆಲ್ಟ್ರಾನ್; ಉತ್ತರ ಪ್ರದೇಶದ ಅಪ್ಟ್ರಾನ್; ಇವಲ್ಲದೆ ವೆಸ್ಟನ್, ಕ್ರೌನ್, ಒನಿಡಾ, ವಿಡಿಯೊಕಾನ್. ಬಣ್ಣದ ಟೀವಿಗಳಲ್ಲಿ ಹೆಸರು ನಮ್ಮದಾದರೂ ವಿದ್ಯೆ ಹೊರಗಿನದು, ಬಿ.ಪಿ.ಎಲ್.ಗೆ ಜಪಾನಿನ ಸಾನ್ಯೊ, ವಿಡಿಯೊಕಾನಿಗೆ ತೋಷಿಬಾ, ಒನಿಡಾಕ್ಕೆ ಜೆ.ವಿ.ಸಿ. ಹೀಗೆ ಒಬ್ಬೊಬ್ಬರ ಬೆನ್ನಿಗೆ ಒಬ್ಬೊಬ್ಬರು. ಒನಿಡಾದವರು ಕೊಂಬು ಬಾಲಗಳುಳ್ಳ ಪಿಶಾಚಿಯೊಂದನ್ನು ಜಾಹೀರಾತಿನಲ್ಲಿ ನಿಲ್ಲಿಸಿ, ನೆರೆಯವನ ಹೊಟ್ಟೆಯುರಿಯೇ ಒಡೆಯನ ಹೆಮ್ಮೆಯೆಂಬ ಅರ್ಥ ಬರುವಂತೆ ಸಾರಿದರು. ಅರಿಷಡ್ವರ್ಗದಲ್ಲಿ ಒಂದಾದ ಮಾತ್ಸರ್ಯವನ್ನು ನಮ್ಮ ಶಾಸ್ತ್ರಕಾರರು ಗೆಲ್ಲಬೇಕಾದ ಶತ್ರುವೆಂದರು; ಇವರು ಅದನ್ನೇ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಅವರು ಸುಳ್ಳನ್ನಂತೂ ಹೇಳಲಿಲ್ಲ. ಇತರರು ಮುಚ್ಚಿಟ್ಟು ಮಾರುತ್ತಿದ್ದುದನ್ನು ಬಿಚ್ಚಿಟ್ಟು ಮಾರಿದರು, ಅಷ್ಟೆ. ಆ ಪಿಶಾಚಿಯನ್ನು ಕಂಡಂದಿನಿಂದ ನನಗೆ ಹೆಸರೆಂದರೆ ಹೊಟ್ಟೆಯುರಿಯ ಬೆಲೆ ಎಂಬ ಭಾವನೆ ಬೇರೂರಿತು.

ಅದಕ್ಕೆ ನೀರೆರೆದವನು ಜಾಲಹಳ್ಳಿಯ ನನ್ನ ಸ್ನೇಹಿತ. ಆತನು ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದನು. ದೇಶದ ರಕ್ಷಣೆಯ ಉಪಕರಣಗಳಿಗಾಗಿ 1954ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯಲ್ಲಿ ಕಪ್ಪು-ಬಿಳುಪು ಟೀವಿಯ ಚಿತ್ರನಳಿಕೆಗಳೂ ತಯಾರಾಗುತ್ತಿದ್ದವು. "ನಾವು ಮಾಡಿದ ಒಂದೇ ನಳಿಕೆ ಹತ್ತು ಹೆಸರಿನ ಪೆಟ್ಟಿಗೆಗಳೊಳಕ್ಕೆ ಹೋಗುತ್ತದೆ, ನೀನು ಮರದ ಪೆಟ್ಟಿಗೆಗೂ ಹಿತ್ತಾಳೆಯ ಅಕ್ಷರಕ್ಕೂ ದುಡ್ಡು ಕೊಡುತ್ತೀಯೆ" ಎಂದು ಆತನು ಹೇಳಿದನು. ಆ ಮಾತನ್ನು ನಂಬಿ, ಯಾರೂ ಕೇಳರಿಯದ ಸಣ್ಣ ಕಂಪೆನಿಯೊಂದರ ಟೀವಿಯನ್ನು 3,200 ರೂಪಾಯಿಗಳಿಗೆ ತಂದೆನು. ಅದು ಹದಿನಾಲ್ಕು ವರ್ಷ ಬಾಳಿತು. ನಡುವೆ ಎರಡು ಸಾರಿ ಕೆಟ್ಟಿತು. ಎರಡು ಸಾರಿಯೂ ಯಶವಂತಪುರದ ರಿಪೇರಿಯವನೊಬ್ಬನು ಸೈಕಲ್ಲಿನಲ್ಲಿ ಬಂದು, ಹಿಂಬದಿಯ ಹಲಗೆ ಬಿಚ್ಚಿ, ಸುಟ್ಟುಹೋದ ಕಂಡೆನ್ಸರನ್ನು ಕಿತ್ತು ಹೊಸದನ್ನು ಬೆಸೆದು ಹೋದನು. ಒಂದು ಸಾರಿ ಕೊಟ್ಟುದು ನಲವತ್ತು ರೂಪಾಯಿ. ಮಾತ್ಸರ್ಯವನ್ನು ಗೆದ್ದು ಹಣವನ್ನು ಉಳಿಸಿದೆನೆಂಬ ತೃಪ್ತಿ ನನಗೆ ಹದಿನಾಲ್ಕು ವರ್ಷವೂ ಇದ್ದಿತು. ಅದನ್ನು ಕಂಡವರಿಗೆಲ್ಲ ಹೇಳಿದೆನು.

ಹೊಲಿಗೆಯ ಹೆಂಗಸಿಗೂ ಅದನ್ನೇ ಹೇಳಿದೆನು. ಹೇಳುವುದಕ್ಕೆ ಈ ಕಾಲದ ಪ್ರಮಾಣಗಳೂ ನನ್ನಲ್ಲಿದ್ದವು. ಈಗಿನ ಟೀವಿಯಲ್ಲಿ ಮುಖ್ಯವಾದುದು ತೆಳುವಾದ ಪರದೆಯ ಫಲಕ. ಬೆಲೆಯ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಅದು ಬಹುಮಟ್ಟಿಗೆ ಚೀನಾದೇಶದಿಂದ ಬಂದು ಇಲ್ಲಿ ಜೋಡಣೆಯಾಗುತ್ತದೆ. ಜೋಡಿಸುವವರಾದರೂ ಹೆಸರಿನ ಒಡೆಯರೇ ಆಗಿರಬೇಕೆಂದಿಲ್ಲ. ತಿರುಪತಿಯಲ್ಲಿ ಡಿಕ್ಸನ್ ಎಂಬ ಸಂಸ್ಥೆಯ ಕಾರ್ಖಾನೆ ಶಿಯೋಮಿ ಮೊದಲಾದ ಬೇರೆಬೇರೆ ಹೆಸರುಗಳಿಗೆ ಟೀವಿಗಳನ್ನು ಜೋಡಿಸಿಕೊಟ್ಟಿದೆ. ಹೆಸರುಗಳೂ ಬಾಡಿಗೆಗೆ ಸಿಕ್ಕುವ ಕಾಲ ಇದು. ಫ್ರಾನ್ಸಿನ ಹಳೆಯ ಹೆಸರಾದ ಥಾಮ್ಸನ್ 2018ರಲ್ಲಿ ಭಾರತಕ್ಕೆ ಮರಳಿ ಬಂದಾಗ ಅದನ್ನು ತಂದುದು, ಅಮೆರಿಕದ ಛಾಯಾಚಿತ್ರದ ಕಂಪೆನಿಯಾದ ಕೊಡಾಕಿನ ಹೆಸರಿನಲ್ಲಿ ಆಗಲೇ ಟೀವಿ ಮಾರುತ್ತಿದ್ದ ನೋಯಿಡಾದ ಸಂಸ್ಥೆಯೇ. (ನಾವು ಕೊಂಡುದು ಇಲ್ಲಿ ಹೆಸರಿಸಿದ ಯಾವುದೂ ಅಲ್ಲವೆಂಬುದನ್ನು ಹೇಳಿಬಿಡುವುದು ನ್ಯಾಯ.) ಇಷ್ಟೆಲ್ಲ ಗೊತ್ತಿದ್ದ ಮೇಲೆ ಹೆಸರಿಗೆ ಹಣ ಸುರಿಯುವುದು ಮೌಢ್ಯವಲ್ಲವೆ ಎಂದು ಕೇಳಿದೆನು. ಆಕೆ ಸ್ವಲ್ಪ ಹೊತ್ತು ಆ ಚಿಕ್ಕ ಟೀವಿಯನ್ನು ನೋಡಿದಳು. ಆಮೇಲೆ, "ನೀವು ಹೇಳಿದ ಮೇಲೆ ಆಯಿತು" ಎಂದು ಸೆರಗಿನ ಗಂಟು ಬಿಚ್ಚಿದಳು.

ಹದಿನಾಲ್ಕು ತಿಂಗಳು ಅದು ಚೆನ್ನಾಗಿದ್ದಿತು. ತಾಯಿ ಚಂದನ ವಾಹಿನಿಯ ಹಾಡುಗಳನ್ನು ಕೇಳುತ್ತ ಮಲಗಿರುತ್ತಿದ್ದಳು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಬಾಗಿಲಿನಿಂದ ಇಣುಕಿ, ನನ್ನ ಸಲಹೆ ಗೋಡೆಯ ಮೇಲೆ ಬೆಳಗುತ್ತಿರುವುದನ್ನು ನೋಡಿ ಸಂತೋಷಪಡುತ್ತಿದ್ದೆನು. 2025ರ ಜನವರಿಯಲ್ಲಿ ಪರದೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಹಸುರು ಗೆರೆ ಮೂಡಿತು. ವಾರದೊಳಗೆ ಗೆರೆಗಳು ಎಂಟಾದವು, ಆಮೇಲೆ ಅರ್ಧ ಪರದೆ ಕಪ್ಪಾಯಿತು, ಕೊನೆಗೆ ಪೂರ್ತಿ. ಕಂಪೆನಿಯ ಹೊಣೆ ಒಂದು ವರ್ಷದ್ದು. ಅವರ ದೂರವಾಣಿಯಲ್ಲಿ ಸಂಗೀತ ಕೇಳಿಸಿತೇ ಹೊರತು ಮನುಷ್ಯರ ಧ್ವನಿ ಕೇಳಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಹನ್ನೆರಡನೆಯ ದಿನ ಒಬ್ಬ ಹುಡುಗನು ಬಂದು ನೋಡಿ, ಫಲಕ ಹೋಗಿದೆ, ಹೊಸದಕ್ಕೆ ಹನ್ನೊಂದೂವರೆ ಸಾವಿರ, ಅದೂ ಸಿಕ್ಕಿದರೆ, ಎಂದನು. ನಾನು ಯಶವಂತಪುರದ ಕಡೆಯ ಹಳಬರೊಬ್ಬರನ್ನು ಕರೆತಂದೆನು. ಅವರು ಹಿಂಬದಿಯನ್ನು ಬಿಚ್ಚಿ, ಮುಚ್ಚಿ, "ಇದರಲ್ಲಿ ಬೆಸೆಯುವುದಕ್ಕೆ ಏನೂ ಇಲ್ಲ, ಸ್ವಾಮಿ, ಹಿಂದಿನ ದೀಪ ಹೋಗಿದ್ದರೆ ಹಾಕಿಕೊಡುತ್ತಿದ್ದೆ, ಗಾಜಿನ ಅಂಚಿನೊಳಗೆ ಕೂದಲಿನಂಥ ಎಳೆಗಳಿವೆ, ಅವು ಕಿತ್ತುಹೋದರೆ ಬ್ರಹ್ಮನಿಗೂ ಸಾಧ್ಯವಿಲ್ಲ" ಎಂದರು.

ಆಗ ನನಗೆ ಮೊದಲನೆಯ ತಪ್ಪು ಗೋಚರವಾಯಿತು. ನನ್ನ 1987ರ ಟೀವಿ ಬಾಳಿದುದು ಅದಕ್ಕೆ ಹೆಸರಿಲ್ಲದುದರಿಂದಲೂ ಅಲ್ಲ, ನಾನು ಮಾತ್ಸರ್ಯವನ್ನು ಗೆದ್ದುದರಿಂದಲೂ ಅಲ್ಲ. ಅದರ ಒಳಗೇನಿದೆಯೆಂಬುದನ್ನು ಯಶವಂತಪುರದ ಸೈಕಲ್ ಸವಾರನು ಬಲ್ಲವನಾಗಿದ್ದನು. ಜಾಲಹಳ್ಳಿಯ ನಳಿಕೆ ಎಲ್ಲ ಹೆಸರಿಗೂ ಸಾಮಾನ್ಯವಾಗಿದ್ದಿತು. ಬಿಡಿಭಾಗ ಪೇಟೆಯಲ್ಲಿ ಸಿಕ್ಕುತ್ತಿದ್ದಿತು. ಮಾಡಿದವನು ಓಡಿಹೋದರೂ ಸರಿಪಡಿಸುವವನು ಊರಿನಲ್ಲಿ ಇರುತ್ತಿದ್ದನು. ಅಂಥ ಕಾಲದಲ್ಲಿ ಹೆಸರಿಗೆ ಹೆಚ್ಚು ತೆರಬೇಕಾದುದಿರಲಿಲ್ಲ. ಈಗಲೂ ಫಲಕ ಒಂದೇ ಕಡೆಯಿಂದ ಬರುವುದು ನಿಜ. ಆದರೆ ಅದು ಕೆಟ್ಟಾಗ ಇನ್ನೊಂದನ್ನು ತಂದು ಕೂರಿಸಬಲ್ಲವನು ಆ ಹೆಸರಿನವನಲ್ಲದೆ ಬೇರೆಯವನಲ್ಲ. ಹೆಸರಿಗೆ ಕೊಡುವ ಹಣ ಪದಾರ್ಥದ ಒಳಗಿರುವುದಕ್ಕಲ್ಲ, ಪದಾರ್ಥ ಕೆಟ್ಟ ಮೇಲೆ ಬಾಗಿಲಿಗೆ ಬರುವ ಮನುಷ್ಯನಿಗೆ. ಒಂದು ಕಾಲದಲ್ಲಿ ಕಂಡ ಸತ್ಯವನ್ನು ಅದರ ಕಾರಣದಿಂದ ಬಿಡಿಸಿ ಸಿದ್ಧಾಂತವಾಗಿ ಕಟ್ಟಿಟ್ಟುಕೊಂಡರೆ ಅದು ಮುಂದಿನ ಕಾಲದಲ್ಲಿ ಸುಳ್ಳಾಗುತ್ತದೆಂಬುದನ್ನು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದ್ದೆನು. ಹೇಳುವುದು ಸುಲಭ.

ಇದು ಬರಿಯ ತಿಳಿವಿನ ತಪ್ಪು. ಎರಡನೆಯದು ಇದಕ್ಕಿಂತ ಕೆಟ್ಟುದು. ಕ್ಷಮೆ ಕೇಳುವುದಕ್ಕೆಂದು ಹೋದಾಗ ಮಾತಿನ ನಡುವೆ ನಾನು, "ಆ ದಿನ ನೀನು ಗಂಗಾನಗರದವರ ಮನೆಯಲ್ಲಿರುವಂಥದನ್ನೇ ಕೊಳ್ಳಬೇಕೆಂದು ಆಸೆಪಟ್ಟೆ, ನಾನು ಬಿಡಿಸಿಬಿಟ್ಟೆನು" ಎಂದೆನು. ಆಕೆ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಆಸೆಯೇನಲ್ಲ, ಮೇಷ್ಟ್ರೆ. ಅವರ ಮನೆಯದು ಒಮ್ಮೆ ಕೆಟ್ಟಿತ್ತು. ಎರಡು ದಿನಕ್ಕೆ ಆಳು ಬಂದು ಸರಿಮಾಡಿದ. ನಾನು ಅಲ್ಲಿಯೇ ಕುಳಿತು ನೋಡಿದ್ದೆ. ಅದಕ್ಕೇ ಹೇಳಿದೆ."

ಅಂದರೆ ನಾನು ಮಾತ್ಸರ್ಯವೆಂದು ನಕ್ಕುದು ಪ್ರತ್ಯಕ್ಷಪ್ರಮಾಣವಾಗಿದ್ದಿತು. ಮಡಕೆಯನ್ನು ಬಡಿದು ನೋಡುವುದಕ್ಕೆ ಆಗದ ಕಾಲದಲ್ಲಿಯೂ ಆಕೆ ತನಗೆ ಶಕ್ಯವಾದಂತೆ ಬಡಿದು ನೋಡಿದ್ದಳು. ಬಡವರು ಉಳ್ಳವರ ಮನೆಯ ವಸ್ತುವನ್ನು ಬಯಸಿದರೆ ಅದು ಅನುಕರಣೆಯೇ ಆಗಿರಬೇಕೆಂದು ನಾವು ತಿಳಿಯುತ್ತೇವೆ. ಉಳ್ಳವರು ತಮ್ಮತಮ್ಮೊಳಗೆ ವಿಚಾರಿಸಿ ಕೊಂಡರೆ ಅದನ್ನು ಪರಿಶೀಲನೆಯೆನ್ನುತ್ತೇವೆ. ಆಕೆಯನ್ನು ನಾನು ಕಾರಣ ಕೇಳಲಿಲ್ಲ. ಕೇಳಿದ್ದರೆ ಒಂದು ವಾಕ್ಯದಲ್ಲಿ ತಿಳಿಯುತ್ತಿದ್ದಿತು.

ಇಲ್ಲಿ ಒಬ್ಬಿಬ್ಬರು ಮಿತ್ರರು ನನ್ನ ಪರವಾಗಿ ವಾದಿಸಿದರು. ಸಲಹೆ ಕೊಟ್ಟವನು ಸದ್ಭಾವದಿಂದ ಕೊಟ್ಟನೆ ಎಂಬುದಷ್ಟೇ ಪ್ರಶ್ನೆ. ಫಲ ಅವನ ಕೈಯಲ್ಲಿಲ್ಲ. ಒಳ್ಳೆಯ ಹೆಸರಿನ ಟೀವಿಯೂ ಕೆಡುವುದುಂಟು. ಕೀಳೆಂದು ಕಂಡುದು ಹತ್ತು ವರ್ಷ ನಡೆಯುವುದೂ ಉಂಟು ಎಂದರು. ಇದರಲ್ಲಿ ಸುಳ್ಳಿಲ್ಲ. ಆದರೆ ವಾದ ಪೂರ್ಣವಾಗಿಲ್ಲ. ಒಂದು ನೂರು ಟೀವಿಗಳಲ್ಲಿ ಐದು ಬೇಗ ಕೆಡುತ್ತವೆಂದು ಇಟ್ಟುಕೊಳ್ಳೋಣ. ನನಗೆ ಆ ಐದು ಎಂಬುದು ಬರಿಯ ಐದು. ನನ್ನ ಪಾಲಿಗೆ ಕೆಟ್ಟುದು ಬಂದರೆ ಒಂದು ತಿಂಗಳ ನಿವೃತ್ತಿವೇತನದಲ್ಲಿ ಇನ್ನೊಂದನ್ನು ತರುತ್ತೇನೆ; ಜೀವಮಾನದಲ್ಲಿ ಐದಾರು ಟೀವಿಗಳನ್ನು ಕೊಂಡರೆ ಒಟ್ಟಿನ ಮೇಲೆ ಅಗ್ಗದವೇ ನನಗೆ ಲಾಭ. ಆಕೆ ಕೊಳ್ಳುವುದು ಐದಾರಲ್ಲ, ಒಂದು. ಆ ಒಂದು ಕೆಟ್ಟರೆ ನೂರಕ್ಕೆ ನೂರೂ ಕೆಟ್ಟಂತೆ. ಸರಾಸರಿಯೆಂಬುದು ಮತ್ತೆ ಮತ್ತೆ ಆಡಬಲ್ಲವನಿಗೆ ಮಾತ್ರ ಒದಗುವ ಆಶ್ರಯ. ಆದಕಾರಣ ಹೆಸರಿಗೆ ಹೆಚ್ಚು ಹಣ ಕೊಡುವುದು ನನಗೆ ಡಂಭವಾಗಿದ್ದರೂ ಆಗಿರಬಹುದು. ಆಕೆಗೆ ಅದು ವಿಮೆ. ಮಿತವ್ಯಯದ ಉಪದೇಶವನ್ನು ನಾವು ಬಡವರಿಗೇ ವಿಶೇಷವಾಗಿ ಮಾಡುತ್ತೇವಷ್ಟೆ. ಆ ಉಪದೇಶದಲ್ಲಿ ಎಷ್ಟು ಭಾಗ ಸೋಲನ್ನು ತಡೆದುಕೊಳ್ಳಬಲ್ಲವನ ಧೈರ್ಯವೆಂಬುದನ್ನು ಲೆಕ್ಕಹಾಕುವುದಿಲ್ಲ. ನಾನು ಆ ದಿನ ಅಂಗಡಿಯಲ್ಲಿ ತೋರಿದ ಧೈರ್ಯ ನನ್ನದು; ಪಣಕ್ಕೆ ಒಡ್ಡಿದ ಹಣ ಆಕೆಯದು.

ಹಾಗೆಂದು ಹೆಸರುಗಳ ಪರವಾಗಿ ವಕಾಲತ್ತು ವಹಿಸುವುದಕ್ಕೂ ನಾನು ಸಿದ್ಧನಲ್ಲ. ಹೆಸರೆಂಬುದು ಮೂಲದಲ್ಲಿ ಒಂದು ಮಾತು. ಕೊಟ್ಟ ಮಾತಿಗೆ ಕೊಟ್ಟವನು ಇದ್ದರೆ ಬೆಲೆ. ನಮ್ಮ ಉತ್ತರಭಾಗದಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಮೈಸೂರು ಸರ್ಕಾರದವರು ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಕಾರ್ಖಾನೆ ಈಗ ಯಶವಂತಪುರದ ಬಳಿ ಇದೆ. ಮೆಟ್ರೊ ರೈಲಿನ ನಿಲ್ದಾಣಕ್ಕೂ ಅದರ ಹೆಸರನ್ನೇ ಇಟ್ಟಿದ್ದಾರೆ. ಮೈಸೂರು ಸ್ಯಾಂಡಲ್ ಸಾಬೂನಿಗೆ ಹೆಚ್ಚು ಕೊಡುವವನು ಏನನ್ನು ಕೊಳ್ಳುತ್ತಿದ್ದಾನೆಂದು ಬಲ್ಲ: ಗಂಧದೆಣ್ಣೆ ಇಂಥದು, ಮಾಡುವವರು ಇಂಥವರು, ಅವರ ಗೇಟು ಇಲ್ಲಿ. ಅದು ಕೆಟ್ಟರೆ ಗೇಟಿಗೆ ಹೋಗಿ ಕೇಳಬಹುದು. ಬಾಡಿಗೆಯ ಹೆಸರಿಗೆ ಗೇಟು ಎಲ್ಲಿ? ಹಿರಿಯರ ಕಾಲದ ಹೆಸರನ್ನು ಹೊಸ ಪೆಟ್ಟಿಗೆಗೆ ಅಂಟಿಸಿದಾಗ, ಆ ಹೆಸರಿನ ಮೇಲಣ ಹಳೆಯ ವಿಶ್ವಾಸವನ್ನು ತೆರುವವರು ಯಾರು? ವಿಚಾರಿಸಿಕೊಳ್ಳುವುದಕ್ಕೆ ಸಾಧನವುಳ್ಳವರು ಅಂಥದಕ್ಕೆ ಬೀಳುವುದು ಕಡಮೆ. ವಿಮೆಯೆಂದು ಹೆಸರನ್ನು ಕೊಳ್ಳುವ ಈ ಹೆಂಗಸಿನಂಥವರೇ ಬೀಳುವವರು.

ಕಾನೂನು ಏನೂ ಮಾಡಿಲ್ಲವೆನ್ನಲಾಗದು. 2019ರ ಗ್ರಾಹಕ ರಕ್ಷಣೆಯ ಅಧಿನಿಯಮದಲ್ಲಿ ದೋಷವುಳ್ಳ ಸರಕಿನಿಂದಾದ ಹಾನಿಗೆ ತಯಾರಕನನ್ನು ಹೊಣೆಮಾಡಿದ್ದಾರೆ. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. 2022ರಲ್ಲಿ ಕೇಂದ್ರ ಸರ್ಕಾರದವರು ದುರಸ್ತಿಯ ಹಕ್ಕಿಗೆಂದು ಒಂದು ಜಾಲತಾಣವನ್ನೂ ತೆರೆದರು. ಟೀವಿಯ ಮೇಲೆ ವಿದ್ಯುಚ್ಛಕ್ತಿಯ ಉಳಿತಾಯಕ್ಕೆ ಇಷ್ಟು ನಕ್ಷತ್ರಗಳೆಂಬ ಚೀಟಿ ಅಂಟಿರುತ್ತದೆ. ಆದರೆ ಎಷ್ಟು ವರ್ಷ ಬಾಳುವುದೆಂಬುದಕ್ಕೆ ನಕ್ಷತ್ರವಿಲ್ಲ. ಆಯೋಗಕ್ಕೆ ಹೋಗೋಣವೆ ಎಂದು ಆಕೆಯನ್ನು ಕೇಳಿದೆನು. ಒಂದು ದಿನ ಹೊಲಿಗೆ ನಿಂತರೆ ಎಷ್ಟು ನಷ್ಟವೆಂದು ಆಕೆ ಬೆರಳೆಣಿಸಿ ಹೇಳಿದಳು; ಆ ಮಾತು ಅಲ್ಲಿಗೆ ನಿಂತಿತು.

ಉಳಿದುದು ನನ್ನ ಹೊಣೆ. ಪೂರ್ತಿ ಹಣವನ್ನು ಒಂದು ಲಕೋಟೆಯಲ್ಲಿಟ್ಟು ತೆಗೆದುಕೊಂಡು ಹೋದೆನು. ಆಕೆ ಮುಟ್ಟಲಿಲ್ಲ. ಅರ್ಧವನ್ನಾದರೂ ಎಂದೆನು. "ನೀವು ಕೊಟ್ಟುಬಿಟ್ಟರೆ ಮುಂದೆ ನಿಮ್ಮನ್ನು ಯಾವುದನ್ನೂ ಕೇಳುವ ಹಾಗಿಲ್ಲ, ಮೇಷ್ಟ್ರೆ" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಲಕೋಟೆ ಕೊಟ್ಟು ನಾನು ತೀರಿಸಿಕೊಳ್ಳಬೇಕೆಂದಿದ್ದುದು ಆಕೆಯ ನಷ್ಟವನ್ನೊ ನನ್ನ ಮನಸ್ಸಿನ ಕಸಿವಿಸಿಯನ್ನೊ ಎಂಬ ಸಂದೇಹ ಹುಟ್ಟಿತು. ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಗೆ ಬೇಡದಷ್ಟು ಕಿಟಕಿಯ ಪರದೆಗಳನ್ನೂ ದಿಂಬಿನ ಚೀಲಗಳನ್ನೂ ಹೊಲಿಸಿ, ಕೂಲಿಗಿಂತ ಹೆಚ್ಚು ಕೊಟ್ಟೆನು. ಆಕೆ ಪ್ರತಿ ಸಾರಿಯೂ ಚಿಲ್ಲರೆಯನ್ನು ಎಣಿಸಿ ಹಿಂದಕ್ಕೆ ಕೊಟ್ಟಳು.

ಒಂಬತ್ತು ತಿಂಗಳು ಆ ಮನೆಯಲ್ಲಿ ಟೀವಿ ಇರಲಿಲ್ಲ. ಟೀವಿ ಕೆಟ್ಟಿದೆಯೆಂದು ತಾಯಿಗೆ ಹೇಳಿದರೆ ಹಣ ಹೋಯಿತೆಂದು ಕೊರಗುವಳೆಂದು, ಕೇಂದ್ರದಲ್ಲಿಯೇ ಪ್ರಸಾರ ನಿಂತಿದೆಯೆಂದು ಮಗಳು ಹೇಳಿದ್ದಳು. ದೂರದರ್ಶನದ ಕೇಂದ್ರವಿರುವುದು ಇಲ್ಲಿಗೆ ಸಮೀಪದ ಜೆ. ಸಿ. ನಗರದಲ್ಲಿ. ಪ್ರಸಾರ ನಿಂತಾಗ ಕ್ಷಮೆ ಬೇಡುವ ಫಲಕವೊಂದನ್ನು ತೋರಿಸುತ್ತಿದ್ದ ಹಳೆಯ ಕಾಲವನ್ನು ಕಂಡ ಮುದುಕಿ ಅದನ್ನು ನಂಬಿದಳು. ನನ್ನನ್ನು ಕಂಡಾಗಲೆಲ್ಲ, "ಇನ್ನೂ ಸರಿಹೋಗಲಿಲ್ಲವೆ? ನೀವಾದರೂ ಹೋಗಿ ವಿಚಾರಿಸಬಾರದೆ?" ಎಂದು ಕೇಳುತ್ತಿದ್ದಳು. ವಿಚಾರಿಸುತ್ತೇನೆಂದು ನಾನೂ ಸುಳ್ಳು ಹೇಳುತ್ತಿದ್ದೆನು.

2025ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಮುಂಚೆ, ಮತ್ತೆ ಚೀಟಿಯ ಹಣ ಬಂದಿತು. "ಜೊತೆಗೆ ಬನ್ನಿ, ಮಾತು ನಾನಾಡುತ್ತೇನೆ" ಎಂದು ಆಕೆ ಕರೆದಳು. ಅದೇ ಅಂಗಡಿ, ನವಿಲು ಹೋಗಿ ಆನೆ ಬಂದಿದ್ದಿತು. ಹಿಂದಿನ ತಿಂಗಳಿನಲ್ಲಿಯೇ ದೊಡ್ಡ ಟೀವಿಗಳ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆಯೆಂದೂ ಇಂಥ ಸಮಯ ಮತ್ತೆ ಬಾರದೆಂದೂ ಅಂಗಡಿಯ ಹುಡುಗನು ವಿವರಿಸಿದನು. ಆಕೆ ಎಲ್ಲವನ್ನೂ ಕೇಳಿ, "ಕೆಟ್ಟರೆ ಯಾರು ಬರುತ್ತಾರೆ? ಅವರ ಅಂಗಡಿ ಎಲ್ಲಿ?" ಎಂದಳು. ಆತನು 32 ಅಂಗುಲದ ಒಂದನ್ನು ತೋರಿಸಿ, ಇದರ ದುರಸ್ತಿಯ ಮಳಿಗೆ ಯಶವಂತಪುರದಲ್ಲಿದೆಯೆಂದು ವಿಳಾಸ ಬರೆದುಕೊಟ್ಟನು. ಆಕೆ ಆ ಚೀಟಿಯನ್ನು ಮಡಿಸಿಕೊಂಡು ಹೊರಕ್ಕೆ ಬಂದಳು.

ಇಬ್ಬರೂ ಬಸ್ಸು ಹತ್ತಿದೆವು. ಆಕೆಗೆ ಟಿಕೆಟಿನ ಹಣವಿಲ್ಲ. 2023ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಷ್ಟೆ. ನಾನು ನನ್ನದನ್ನು ಕೊಟ್ಟೆನು. ಮಳಿಗೆ ಇದ್ದಿತು. ಒಳಗೆ ಉದ್ದನೆಯ ಮೇಜಿನ ಮೇಲೆ ಬಿಚ್ಚಿದ ಟೀವಿಗಳನ್ನು ಮಲಗಿಸಿದ್ದರು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದ್ದಿತು. ಆಕೆ ಯಾರನ್ನೂ ಕೇಳದೆ ಮೇಜಿನ ಪಕ್ಕದಲ್ಲಿಯೇ ನಡೆದುಕೊಂಡು ಹೋಗುತ್ತ, ಒಂದೊಂದು ಚೀಟಿಯನ್ನೂ ತಿರುಗಿಸಿ, ಒಳಕ್ಕೆ ತಂದ ತಾರೀಖನ್ನು ಓದಿಕೊಂಡಳು. ಹಳೆಯದು ಆರು ದಿನದ್ದು. ಗಲ್ಲದ ಹುಡುಗನು ಏನು ಬೇಕೆಂದು ಕೇಳಿದನು. "ಏನೂ ಬೇಡಪ್ಪ, ನೋಡುವುದಕ್ಕೆ ಬಂದೆವು" ಎಂದು ಹೇಳಿ ಆಕೆ ಹೊರಟಳು.

ಹದಿಮೂರು ಸಾವಿರದ ಒಂಬೈನೂರು ರೂಪಾಯಿಗಳಿಗೆ ಆ ಟೀವಿ ಬಂದಿತು. ಪರದೆ ಚಿಕ್ಕದಾದುದರಿಂದ ಮಂಚವನ್ನು ಗೋಡೆಯ ಹತ್ತಿರಕ್ಕೆ ಎಳೆದು ಹಾಕಿದ್ದಾರೆ. ಕೆಟ್ಟ ದೊಡ್ಡದು ಬಾಗಿಲಿನ ಹಿಂದೆ ಒರಗಿದೆ. ಹಳೆಯ ಸಾಮಾನಿನವನು ಮುನ್ನೂರು ರೂಪಾಯಿ ಕೊಡುತ್ತೇನೆಂದರೂ ಆಕೆ ಕೊಟ್ಟಿಲ್ಲ. ಕತ್ತರಿಸುವ ಮುಂಚೆ ಬಟ್ಟೆಯನ್ನು ಹರಡುವುದಕ್ಕೆ ಅದು ಅನುಕೂಲವಾಗಿದೆಯಂತೆ. ಕೇಂದ್ರದವರಿಗೆ ನಾನೇ ಹೇಳಿ ಸರಿಮಾಡಿಸಿದೆನೆಂದು ಮುದುಕಿ ಇಂದಿಗೂ ನಂಬಿದ್ದಾಳೆ.